ಜೀರ್ಣವಸ್ತು ವಿಕ್ರಯ ಮೀಮಾಂಸೆ

ಯಾವ ಶಾಸ್ತ್ರ ಶುರುವಾಗಬೇಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಹೇಳುತ್ತೇವೆ. ವಿಷಯ: ಮನೆಯ ಹಳೆ ಸಾಮಾನನ್ನು ಮನೆಯ ಮುಂದೆಯೇ ಹರವಿ, ಮನೆಯವರೇ ನಿಂತು, ಒಂದೇ ದಿನದಲ್ಲಿ ಮಾರಿ ಮುಗಿಸುವುದು. ಅಮೆರಿಕದವರು ಇದನ್ನು ಕಾರು ನಿಲ್ಲಿಸುವ ಜಾಗದಲ್ಲಿ ಮಾಡುತ್ತಾರೆ. ಅಲ್ಲಿಗೆ ಹೋದ ಮಕ್ಕಳು ರಜೆಗೆ ಬೀದರಿಗೆ ಬಂದಾಗ ಒಮ್ಮೆ ಅಟ್ಟ ಹತ್ತಿ ಇಳಿದು, ಮೈಮೇಲಿನ ಧೂಳು ಕೊಡವುತ್ತ, "ಇದನ್ನೆಲ್ಲ ಒಂದು ಶನಿವಾರ ಅಂಗಳದಾಗ ಇಟ್ಟು ಮಾರಿಬಿಡೋಣಪ್ಪಾ" ಅನ್ನುತ್ತಾರೆ. ಪ್ರಯೋಜನ: ಅಟ್ಟ ಖಾಲಿಯಾಗುವುದು. ದುಡ್ಡು ಬರುವುದು ಆನುಷಂಗಿಕ, ಬಂದರೆ ಬಂತು. ಸಂಬಂಧ: ಸಾಮಾನಿಗೂ ಮನೆಯವರಿಗೂ ಇರುವಂಥದ್ದು. ಮಾರುತ್ತೇವೆ ಅನ್ನುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಂದ ಕ್ಷಣ ಉಕ್ಕಿ ಬರುತ್ತದೆ. ಅಧಿಕಾರಿ ಯಾರು ಎಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ.

ಪೂರ್ವಾಚಾರ್ಯರನ್ನು ನೆನೆಯದೆ ಮುಂದೆ ಹೋಗುವುದು ಸಲ್ಲ. ಅದಕ್ಕೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ, ಬಸವಕಲ್ಯಾಣ ಇಲ್ಲೇ ಇದೆ. ಅಲ್ಲಿಂದ ಆಳಿದ ಚಾಲುಕ್ಯ ಅರಸು ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಗ್ರಂಥ ಬರೆದು, ಆನೆ, ಅಡುಗೆ, ಆಭರಣದಿಂದ ಹಿಡಿದು ಕೋಳಿಕಾಳಗದವರೆಗೆ ಲೋಕದಲ್ಲಿದ್ದದ್ದನ್ನೆಲ್ಲ ಪಂಗಡ ಮಾಡಿ ಇಟ್ಟ. ಹಳೆ ಸಾಮಾನು ಮಾರುವ ವಿನೋದ ಅದರಲ್ಲಿಲ್ಲ. ಅರಮನೆಯ ಅಟ್ಟ ತುಂಬಿದರೆ ಇನ್ನೊಂದು ಅರಮನೆ ಕಟ್ಟಿಸುತ್ತಿದ್ದರೆಂದು ಊಹಿಸಬೇಕು. ನಮ್ಮ ಕೆಲಸಕ್ಕೆ ಬರುವವನು ಸೋಮೇಶ್ವರನ ತಂದೆ ಆರನೇ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಅದೇ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆ ಬರೆದ ವಿಜ್ಞಾನೇಶ್ವರ. ಒಡೆಯನಲ್ಲದವನು ಮಾರಿದರೆ ಏನು, ಕೊಂಡವನು ಪಶ್ಚಾತ್ತಾಪ ಪಟ್ಟರೆ ಏನು, ಮಾರಿದ ಮೇಲೆ ಸಾಮಾನು ಕೊಡದೆ ಇಟ್ಟುಕೊಂಡರೆ ಏನು ಎಂಬುದಕ್ಕೆಲ್ಲ ಅದರ ವ್ಯವಹಾರಾಧ್ಯಾಯದಲ್ಲಿ ಬೇರೆಬೇರೆ ಪ್ರಕರಣಗಳಿವೆ. ಅಟ್ಟ ಖಾಲಿ ಮಾಡುವವನು ಓದಬೇಕಾದದ್ದು ಇವು ಮೂರೇ.

ಅಧಿಕಾರಿ ವಿಚಾರ

ಮಾರುವ ಅಧಿಕಾರ ಯಾರಿಗಿದೆ? ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯ ಎಂಬುದು ಮಿತಾಕ್ಷರದ ಹೆಸರಾದ ಸಿದ್ಧಾಂತ. ಇಂಡಿಯಾದ ಹೆಚ್ಚಿನ ಭಾಗದ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಎಷ್ಟೋ ಶತಮಾನ ಅದರ ಮೇಲೆಯೇ ನಡೆದವು. ಚರವಸ್ತುವಿನ ವಿಷಯದಲ್ಲಿ ತಂದೆಗೆ ಒಂದಿಷ್ಟು ಸ್ವಾತಂತ್ರ್ಯವನ್ನು ವಿಜ್ಞಾನೇಶ್ವರ ಬಿಟ್ಟುಕೊಟ್ಟಿದ್ದಾನೆ, ನಿಜ. ಆದರೆ ಅದು ಕುಟುಂಬ ಪೋಷಣೆ, ಆಪತ್ತು, ಪ್ರೀತಿಯ ಕೊಡುಗೆ ಮುಂತಾದ ಕಾರಣಗಳಿಗೆ. ಅಟ್ಟದಲ್ಲಿ ಜಾಗ ಇಲ್ಲ ಎಂಬುದು ಆಪತ್ತೋ ಅಲ್ಲವೋ ಎಂದು ಅವನು ಹೇಳಿಲ್ಲ.

ಭಾಲ್ಕಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಬಚ್ಚಲಿಗೆ ಗೀಸರ್ ಬಂದಮೇಲೆ ತಾಮ್ರದ ಹಂಡೆ ಅಟ್ಟ ಸೇರಿದೆ. ಅಪ್ಪ ಅದನ್ನು ಮಾರಬೇಕೆಂದ. ಪುಣೆಯಲ್ಲಿರುವ ತಮ್ಮನಿಗೆ ಫೋನಿನಲ್ಲಿ ಸುದ್ದಿ ಹೋಯಿತು. ವರ್ಷಗಟ್ಟಲೆ ಆ ಹಂಡೆಯ ಮುಖ ನೋಡದ ಅವನಿಗೆ ಸಣ್ಣವನಿದ್ದಾಗ ಮೈಮೇಲೆ ಹೊಯ್ಸಿಕೊಂಡ ಅದರ ನೀರೆಲ್ಲ ಒಮ್ಮೆಗೇ ನೆನಪಾಗಿ, "ಮಾರಬ್ಯಾಡ್ರಿ, ಮುಂದಿನ ಸಾರಿ ಬಂದಾಗ ಒಯ್ತೀನಿ" ಅಂದ. ಅವನು ಒಯ್ಯುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಜನ್ಮಸಿದ್ಧ ಸ್ವಾಮ್ಯ ಊರ್ಜಿತವಾಯಿತು. ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜಿ, "ಅದು ನಮ್ಮ ತವರುಮನಿದು" ಅಂದಳು. ಅಲ್ಲಿಗೆ ಕೇಸು ಖಲಾಸ್. ತವರಿನಿಂದ ಬಂದದ್ದು ಸ್ತ್ರೀಧನ. ಸ್ತ್ರೀಧನದ ಅರ್ಥವನ್ನು ಬೇರೆ ನಿಬಂಧಕಾರರಿಗಿಂತ ಅಗಲ ಮಾಡಿದವನೂ ಇದೇ ವಿಜ್ಞಾನೇಶ್ವರ. ಅಪ್ಪ, ಮಗ, ಚಿಕ್ಕಪ್ಪ ಮೂವರೂ ಆ ಹಂಡೆಗೆ ಅಸ್ವಾಮಿಗಳು. ಅಜ್ಜಿ ಊರಿಗೆ ಹೋದಾಗ ಮಾರಿದರೆ ಅದಕ್ಕೆ ಅಸ್ವಾಮಿವಿಕ್ರಯ ಎಂಬ ಪ್ರಕರಣವೇ ಇದೆ: ಒಡೆಯನು ತನ್ನ ವಸ್ತುವನ್ನು ಕೊಂಡವನ ಕೈಯಿಂದಲೂ ಹಿಂದಕ್ಕೆ ಪಡೆಯಬಹುದು. ಅಜ್ಜಿ ಭಂಗಾರ ಅಂಗಡಿಯವರೆಗೆ ನಡೆದುಹೋಗಿ ಪಡೆಯುತ್ತಾಳೆ ಕೂಡ.

ಆದ್ದರಿಂದ ನಮ್ಮ ಸಿದ್ಧಾಂತ ಹೀಗೆ: ಮಾರಾಟ ಅಂಗಳದಲ್ಲಿ ನಡೆಯುವುದಲ್ಲ, ಅದರ ಹಿಂದಿನ ಹದಿನೈದು ದಿನ ಅಡುಗೆಮನೆಯಲ್ಲಿ ನಡೆಯುವುದು. ಗಿರಾಕಿ ಬರುವ ಹೊತ್ತಿಗೆ ವಸ್ತು ಮನೆಯವರೆಲ್ಲರ ಬಾಯಿಂದ "ಹೋಗಲಿ ಬಿಡು" ಅನ್ನಿಸಿಕೊಂಡಿರಬೇಕು. ಒಬ್ಬರು ಅನ್ನದೆ ಉಳಿದರೂ ಅದು ಕೊಂಡವನ ಸೈಕಲ್ ಕ್ಯಾರಿಯರಿನಿಂದ ಇಳಿದು ವಾಪಸು ಬರುತ್ತದೆ. ದರ, ಬೋರ್ಡು, ಟೇಬಲ್ಲು, ಹತ್ತು ರೂಪಾಯಿ ನೋಟಿನ ಚಿಲ್ಲರೆ ಇವೆಲ್ಲ ಆಮೇಲಿನ ಮಾತು.

ದ್ರವ್ಯ ವಿಭಾಗ

ದ್ರವ್ಯ ಮೂರು ಬಗೆ: ವಿಕ್ರೇಯ, ಅವಿಕ್ರೇಯ, ವಿವಾದಾಸ್ಪದ. ವಿಕ್ರೇಯದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೂಲರ್, ಸೈಕಲ್, ಕಬ್ಬಿಣದ ಪಲ್ಲಂಗ, ಪ್ಲಾಸ್ಟಿಕ್ ಕುರ್ಚಿ, ಹೊಸ ಟಿ.ವಿ. ಬಂದಮೇಲೆ ಉಳಿದ ಡಬ್ಬಿಯಂಥ ಹಳೆ ಟಿ.ವಿ., ಮದುವೆಯಲ್ಲಿ ಆಯೇರಿ ಬಂದು ಡಬ್ಬಿಯಿಂದ ಹೊರಗೇ ಬರದ ಗೋಡೆ ಗಡಿಯಾರಗಳು. ಈ ಕೊನೆಯವನ್ನು ಮಾರುವಾಗ ಡಬ್ಬಿಯ ಮೇಲಿನ ಹೆಸರು ಅಳಿಸಬೇಕು. ಕೊಳ್ಳಲು ಬಂದವರಲ್ಲಿ ಕೊಟ್ಟವರೂ ಇರುತ್ತಾರೆ.

ಅವಿಕ್ರೇಯದಲ್ಲಿ ಮೊದಲನೆಯದು ತೊಟ್ಟಿಲು. ಅದು ಒಂದು ಮನೆಯಿಂದ ಇನ್ನೊಂದಕ್ಕೆ ತಿರುಗುತ್ತದೆ, ಆದರೆ ದುಡ್ಡಿಗಲ್ಲ. ಎರಡನೆಯದು ಹಳೆ ಸೀರೆ. ನೂಲಿನ ಸೀರೆಗೆ ಈ ಭಾಗದಲ್ಲಿ ಸಾವಿಲ್ಲ, ನಾಲ್ಕು ಕೂಡಿ ಕೌದಿಯಾಗುತ್ತವೆ. ನೂಲಲ್ಲದ್ದು ಮಾತ್ರ ಓಣಿಗೆ ಬರುವ ಪಾತ್ರೆಯವಳ ಪಾಲು. ಅವಳು ಸೀರೆ, ಪ್ಯಾಂಟು, ಅಂಗಿಗಳ ಒಟ್ಟಿಲನ್ನು ಕಣ್ಣಲ್ಲೇ ತೂಗಿ ಒಂದು ಸ್ಟೀಲ್ ಡಬ್ಬಿ ತೋರಿಸುತ್ತಾಳೆ. ಗೃಹಿಣಿ ಅದಕ್ಕಿಂತ ದೊಡ್ಡದನ್ನು ತೋರಿಸುತ್ತಾಳೆ. ಮಧ್ಯದ ಗಾತ್ರದ ಡಬ್ಬಿ ಮನೆಯೊಳಗೆ ಬರುತ್ತದೆ. ಹೀಗೆ ಬಂದ ಡಬ್ಬಿಗಳೇ ಮುಂದೆ ಅಟ್ಟ ಸೇರಿ ಈ ಶಾಸ್ತ್ರಕ್ಕೆ ಹೊಸ ದ್ರವ್ಯ ಒದಗಿಸುವುದರಿಂದ ಈ ವಿನಿಮಯವನ್ನು ಅನವಸ್ಥಾ ದೋಷ ಎಂದು ಕರೆಯಬೇಕು.

ಮೂರನೆಯದರ ಬಗ್ಗೆ ನಗೆ ಬಿಟ್ಟು ಹೇಳುತ್ತೇವೆ: ಓದಲು ಬಾರದ ಕಾಗದ. ಬೀದರ್ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಕೈಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಲ-ಮನೆಯ ಹಳೆ ಕಾಗದಗಳು ಉರ್ದುವಿನಲ್ಲಿವೆ, ಅವುಗಳ ಮೇಲಿನ ವರ್ಷ ಫಸಲಿ. ಕೆಲವು ಮೋಡಿ ಲಿಪಿಯಲ್ಲಿವೆ. ಅಜ್ಜನಿಗೆ ಓದಲು ಬರುತ್ತಿತ್ತು, ಅಪ್ಪನಿಗೆ ಅರ್ಧ ಬರುತ್ತಿತ್ತು, ಈಗಿನವರಿಗೆ ಅದು ಇರುವೆ ಸಾಲು. ಟ್ರಂಕಿನ ತಳದಲ್ಲಿರುವ ಆ ಕಟ್ಟು ರದ್ದಿಯ ತಕ್ಕಡಿಯಲ್ಲಿ ಎರಡು ಕಿಲೋ ತೂಗುವುದಿಲ್ಲ, ಹೊಲದ ಬದುವಿನ ಜಗಳದಲ್ಲಿ ಹತ್ತು ವಕೀಲರನ್ನು ತೂಗುತ್ತದೆ. ಉರ್ದು ಬಲ್ಲ ಹಿರಿಯರೊಬ್ಬರಿಗೆ ತೋರಿಸಿದ ಹೊರತು ಒಂದು ಹಾಳೆಯೂ ಹೊರಗೆ ಹೋಗಕೂಡದು. ಅದೇ ಟ್ರಂಕಿನಲ್ಲಿ ಚಾರ್‌ಮಿನಾರ್ ಮುದ್ರೆಯ ನಿಜಾಮರ ನಾಣ್ಯ ಸಿಕ್ಕರೆ ಮಕ್ಕಳ ಕೈಗೆ ಕೊಡಬಾರದು.

ವಿವಾದಾಸ್ಪದದಲ್ಲಿ ಬಿದರಿ ಒಂದೇ ಸಾಕು. ಬೀದರ್ ನಗರದ ಹಳೆ ಮನೆಗಳಲ್ಲಿ ಹುಕ್ಕಾದ ಬುಡ, ಪಾನ್‌ದಾನ್, ಹೂಜಿ ಯಾವುದಾದರೂ ಮೂಲೆಯಲ್ಲಿ ಬಿದ್ದಿರುತ್ತದೆ. ಮೇಲೆ ಧೂಳು ಕೂತು, ಬೆಳ್ಳಿಯ ಎಳೆ ಕಪ್ಪಾಗಿ, ನೋಡಿದವರಿಗೆ ಸುಟ್ಟ ಪಾತ್ರೆ. ಇದನ್ನು ತೂಕಕ್ಕೆ ಹಾಕುವುದೇ ಈ ಶಾಸ್ತ್ರದಲ್ಲಿ ಮಹಾಪಾತಕ. ಏಕೆಂದರೆ ಒಳಲೋಹ ಹೆಚ್ಚಿನಂಶ ಸತು, ಅದಕ್ಕೆ ಕೂಡಿಸಿದ ತಾಮ್ರ ಸ್ವಲ್ಪ. ಭಂಗಾರದವನ ಲೆಕ್ಕದಲ್ಲಿ ಸತುವಿಗೆ ತಾಮ್ರದ ಮರ್ಯಾದೆ ಇಲ್ಲ. ಅದರ ಬೆಲೆ ಇರುವುದು ಮೈಯಲ್ಲಿ ಕೊರೆದು ಕೂಡಿಸಿದ ಬೆಳ್ಳಿಯ ಕೆಲಸದಲ್ಲಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಉಜ್ಜಿದಾಗ ಸತು ಮಾತ್ರ ಕಪ್ಪಾಗಿ ಬೆಳ್ಳಿ ಹಾಗೇ ಉಳಿಯುವ ಆ ವಿದ್ಯೆಯಲ್ಲಿ. ಮಾರಲೇಬೇಕಾದರೆ ಮೊದಲು ಬಿದರಿ ಕೆಲಸದ ಕಾರಿಗರನಿಗೆ ತೋರಿಸಿ. ಹುಣಸೆಹಣ್ಣು ಹಾಕಿ ತಿಕ್ಕುವ ಸೊಸೆಯಂದಿರ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ.

ದೇವರ ಪಟಗಳ ಹಳೆ ಕ್ಯಾಲೆಂಡರುಗಳನ್ನು ಯಾವ ಪಂಗಡಕ್ಕೆ ಸೇರಿಸಬೇಕೆಂದು ಬಲ್ಲವರಲ್ಲಿ ಒಮ್ಮತವಿಲ್ಲ. ಭಂಗಾರದವನೂ ಬೇಡ ಅನ್ನುತ್ತಾನೆ.

ಕಾಲ ನಿರ್ಣಯ

ಅಮೆರಿಕದ ಮಗ ಹೇಳಿದ ಶನಿವಾರ ಆಗುವುದಿಲ್ಲ. ಶನಿವಾರ ಕಬ್ಬಿಣ ಮನೆಗೆ ತರಬಾರದೆಂಬ ನಂಬಿಕೆ ಇರುವಲ್ಲಿ ಪಲ್ಲಂಗ, ಕೊಡಲಿ, ಕೂಲರಿನ ಸ್ಟ್ಯಾಂಡು ಮೂರೂ ಉಳಿಯುತ್ತವೆ. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸುವುದಿಲ್ಲ. ಸೋಮವಾರ ಶಿವನದು. ಉಳಿದವುಗಳಲ್ಲಿ ಜನರಿಗೆ ಬಿಡುವಿರುವುದು ರವಿವಾರ ಒಂದೇ. ತಿಂಗಳ ವಿಷಯಕ್ಕೆ ಬಂದರೆ ಬೀದರ್ ನಗರಕ್ಕೆ ಪಗಾರದ ವಾರ, ಭಾಲ್ಕಿ-ಔರಾದಿಗೆ ಬೆಳೆಯ ದುಡ್ಡು. ಸೋಯಾ ಮಾರಿದ ಮೇಲೆ ಒಂದು ಸಲ, ತೊಗರಿ ಮಾರಿದ ಮೇಲೆ ಇನ್ನೊಂದು ಸಲ ಕೈಯಲ್ಲಿ ನಗದು ಆಡುತ್ತದೆ. ಕಬ್ಬಿನ ಬಿಲ್ಲನ್ನು ನಂಬಿ ದಿನ ಗೊತ್ತು ಮಾಡಬಾರದು. ಎಳ್ಳಮಾಸಿ ದಿನ ಸರ್ವಥಾ ಕೂಡದು: ಊರಿಗೆ ಊರೇ ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತದೆ, ನಿಮ್ಮ ಸಾಮಾನು ನೋಡಲು ನಾಯಿಗಳು ಉಳಿದಿರುತ್ತವೆ. ಔರಾದಿನವರು ಶಿವರಾತ್ರಿಯ ಹೊತ್ತಿನ ಅಮರೇಶ್ವರ ಜಾತ್ರೆಯ ಸಮಯವನ್ನೂ ಬಿಡಬೇಕು, ದೇವಣಿ ಎತ್ತು ನೋಡಲು ಬಂದವನ ಕಣ್ಣಿಗೆ ನಿಮ್ಮ ಮಿಕ್ಸರ್ ಕಾಣುವುದಿಲ್ಲ. ಕೂಲರಿಗೆ ಮಾತ್ರ ಬೇರೆ ಪಂಚಾಂಗ: ಯುಗಾದಿಗೆ ಮುಂಚೆ ಕೇಳಿದ ರೇಟು ಸಿಗುತ್ತದೆ, ಮಿರಗ ಮಳೆ ಬಿದ್ದ ಮರುದಿನ ಒಯ್ಯಲು ನೀವೇ ಹಮಾಲಿ ಕೊಡಬೇಕು.

ಬೋರ್ಡು ಮತ್ತು ಮಾನ

ಗೇಟಿಗೆ "ಸಾಮಾನು ಮಾರಾಟಕ್ಕಿದೆ" ಎಂದು ಬರೆದು ಹಾಕಿದರೆ ಮೊದಲ ತಾಸಿನಲ್ಲಿ ಬರುವವರು ಗಿರಾಕಿಗಳಲ್ಲ, ಹಿತೈಷಿಗಳು. "ಎಲ್ಲಾ ಅರಾಮ ಅದ ಅಲಾ?" ಎಂದು ಕೇಳಿ, ಉತ್ತರ ನಂಬದೆ, ಹೋಗುವಾಗ ಹೆಂಡತಿಯ ಕೊರಳಲ್ಲಿ ಬಂಗಾರ ಇದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಮನೆಯ ಸಾಮಾನು ಬೀದಿಗೆ ಬರುವುದು ದಿವಾಳಿಗೆ, ಜಪ್ತಿಗೆ, ಇಲ್ಲವೆ ಪಾಲಿಗೆ. ಹಳೆಯದಾಯಿತು, ಬೇಡವಾಯಿತು ಎಂಬ ಕಾರಣ ಯಾರಿಗೂ ಕಾರಣವೆಂದೇ ಅನ್ನಿಸುವುದಿಲ್ಲ. ಈ ಗಂಟನ್ನು ಬಿಡಿಸಿದ ಕೀರ್ತಿ ಬೀದರಿನ ವಾಯುಪಡೆ ನೆಲೆಯ ಕುಟುಂಬಗಳಿಗೆ ಸಲ್ಲಬೇಕು. ಪೋಸ್ಟಿಂಗ್ ಎಂಬ ಒಂದೇ ಮಾತಿನಲ್ಲಿ ಕೂಲರ್, ಸ್ಕೂಟರ್, ಕೂಸಿನ ಸೈಕಲ್, ಕುಂಡಗಳ ಸಮೇತ ತುಳಸಿ ಎಲ್ಲವೂ ಮಾನಕ್ಕೆ ಕುಂದಿಲ್ಲದೆ ಮಾರಾಟವಾಗುತ್ತವೆ. ಆ ಸಾಮಾನು ಕೊಳ್ಳಲು ಊರಿನವರಿಗೂ ಸಂಕೋಚವಿಲ್ಲ. ಆದ್ದರಿಂದ ಬೋರ್ಡಿನ ಮೇಲೆ "ವರ್ಗಾವಣೆ ನಿಮಿತ್ತ" ಎಂಬುದಿರಬೇಕು. ಎಲ್ಲಿಂದ ಎಲ್ಲಿಗೆ ಎಂದು ಬರೆಯುವ ಅಗತ್ಯವಿಲ್ಲ, ಅಟ್ಟದಿಂದ ಅಂಗಳಕ್ಕೆ ಆದದ್ದೂ ವರ್ಗಾವಣೆಯೇ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದೇವರ ಭಾಲ್ಕಿಯವರಿಗಂತೂ ಬೋರ್ಡಿನ ಬಲವನ್ನು ನಾವು ಹೇಳಿಕೊಡಬೇಕಾಗಿಲ್ಲ.

ಗಿರಾಕಿ ಲಕ್ಷಣ

ಮೊದಲು ಬರುವವನು ಉಷಃಕಾಲೀನ. ಒಂಬತ್ತಕ್ಕೆ ಎಂದು ಹೇಳಿದರೆ ಆರಕ್ಕೆ ಬಂದು, ನೀವು ಬ್ರಷ್ ಬಾಯಲ್ಲಿಟ್ಟುಕೊಂಡು ಗೇಟು ತೆರೆಯುವಾಗಲೇ ಒಳಗೆ ಕಾಲಿಟ್ಟಿರುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ, ಗುಟ್ಟಾಗಿ, ತೀರ ಅಗ್ಗದ ಬೆಲೆಗೆ, ಅಂಥ ವಸ್ತು ಇರಲು ಸಾಧ್ಯವಿಲ್ಲದವನಿಂದ ಕೊಳ್ಳುವವನು ಕಳ್ಳನಿಗೆ ಸಮ ಎಂದು ಯಾಜ್ಞವಲ್ಕ್ಯ ಬರೆದಿದ್ದಾನೆ. ಈ ನಾಲ್ಕರಲ್ಲಿ ಮೂರು ಲಕ್ಷಣ ಇವನಲ್ಲಿ ಪೂರ್ತಿಯಾಗಿವೆ. ಅಜ್ಜಿಯ ಹಂಡೆಗೆ ಕೈಹಾಕಿದರೆ ನಾಲ್ಕನೆಯದೂ ಕೂಡಿತು. ಆದರೂ ಇವನನ್ನು ಅಟ್ಟಬಾರದು. ಬೋಣಿ ಇವನ ಕೈಯಿಂದಲೇ ಆಗುವುದು. ಒಂದು ಸಣ್ಣ ವಸ್ತು ಕೊಟ್ಟು, ಉಳಿದದ್ದಕ್ಕೆ ಒಂಬತ್ತಕ್ಕೆ ಬಾ ಎನ್ನಬೇಕು. ಬರುತ್ತಾನೆ, ಗೇಟಿನಾಚೆಯೇ ನಿಂತಿರುತ್ತಾನಲ್ಲ.

ಎರಡನೆಯವನು ತುಲಾದೃಷ್ಟಿ. ಅವನಿಗೆ ವಸ್ತುಗಳ ಹೆಸರು ಕಾಣುವುದಿಲ್ಲ, ಲೋಹ ಕಾಣುತ್ತದೆ. ಮಿಕ್ಸರ್ ಅಂದರೆ ಅವನಿಗೆ ಮೋಟಾರಿನೊಳಗಿನ ತಾಮ್ರದ ತಂತಿ. ಇನ್ವರ್ಟರ್ ಬ್ಯಾಟರಿ ಅಂದರೆ ಸೀಸ. ನಿಮ್ಮ ಮದುವೆಯ ಪಲ್ಲಂಗ ಮೂವತ್ತು ಕಿಲೋ ಲೋಹಾ. ಇವನನ್ನು ಸಂಜೆಗೆ ಕಾದಿರಿಸಬೇಕು. ಬೆಳಿಗ್ಗೆ ಬಿಟ್ಟುಕೊಂಡರೆ ಅವನು ಹೇಳಿದ ತೂಕದ ದರವೇ ಉಳಿದ ಗಿರಾಕಿಗಳ ಕಿವಿಗೆ ಬಿದ್ದು ಮಾರುಕಟ್ಟೆ ಬೀಳುತ್ತದೆ.

ನೆರೆಯವರು ಏನನ್ನೂ ಕೊಳ್ಳುವುದಿಲ್ಲ. ಅವರು ಬಂದಿರುವುದು ಇಷ್ಟು ವರ್ಷ ಕಿಟಕಿಯಿಂದ ಕಂಡೂ ಕಾಣದಂತಿದ್ದುದನ್ನು ಬೆಳಕಿನಲ್ಲಿ ನೋಡಲು. ಆದರೆ ಅವರಿಂದ ಗುಂಪಾಗುತ್ತದೆ, ಗುಂಪು ಕಂಡು ನಿಜವಾದ ಗಿರಾಕಿ ಬೈಕು ನಿಲ್ಲಿಸುತ್ತಾನೆ. ಚಹಾ ಕೊಡಿ. ಬೀಗರ ಜಾತಿ ಬೇರೆ. "ಹೊರಗಿನವರಿಗೆ ಯಾಕ ಕೊಡ್ತೀರಿ, ಮನ್ಯಾಗಿಂದು ಮನ್ಯಾಗ ಇರ್ಲಿ" ಎಂದು ಗ್ರೈಂಡರನ್ನು ಆಟೋಕ್ಕೆ ಹಾಕಿಸುತ್ತಾರೆ. ಇದನ್ನು ವಿಕ್ರಯವೆಂದು ಒಪ್ಪಲಾಗದು. ದಾನವೆನ್ನೋಣವೆಂದರೆ ಕೊಟ್ಟವನ ಮನಸ್ಸಿರಲಿಲ್ಲ. ಹೈದರಾಬಾದಿನ ಏಜೆಂಟ್ ಮೊದಲು ಮೂರು ಬೇಡದ ವಸ್ತುಗಳ ರೇಟು ಕೇಳಿ, ನಾಲ್ಕನೆಯದಾಗಿ, ಹೊರಡುತ್ತ, ತಿರುಗಿ, "ಈ ಕಪ್ಪು ಲೋಟ ಯಾಕಿಟ್ಟೀರಿ" ಎನ್ನುತ್ತಾನೆ. ಆ ಕಪ್ಪು ಲೋಟವನ್ನು ತಕ್ಷಣ ಒಳಗೆ ಒಯ್ಯಿರಿ.

ಶುದ್ಧ ಗಿರಾಕಿ ಎಂಬವನೂ ಇದ್ದಾನೆ. ಎಂಜಿನಿಯರಿಂಗ್ ಕಾಲೇಜಿನ ಪಕ್ಕದಲ್ಲಿ ಕೋಣೆ ಹಿಡಿದ ಹುಡುಗ, ಹೊಸದಾಗಿ ಸಂಸಾರ ಹೂಡಿದ ಜೋಡಿ, ತೊಗರಿ ಮಾರಿ ಬಂದ ಔರಾದಿನ ರೈತ. ಅವನ ಒಂದೇ ಪ್ರಶ್ನೆ: "ನಡೀತದೇನ್ರಿ?" ಇದಕ್ಕೆ ಉತ್ತರ ಬಾಯಿಂದ ಕೊಡಬಾರದು. ಎಕ್ಸ್‌ಟೆನ್ಶನ್ ಬೋರ್ಡು ಎಳೆದು, ಸ್ವಿಚ್ ಒತ್ತಿ, ತಿರುಗುವ ಫ್ಯಾನು ತೋರಿಸಬೇಕು. ಆ ಹೊತ್ತಿಗೆ ಕರೆಂಟು ಹೋಗುವುದು ವಿಧಿ, ಅದಕ್ಕೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಇನ್ನು ಭಾಷೆ. "ಎಷ್ಟಕ್ಕ ಕೊಡ್ತೀರಿ", "ಕಿತ್ತೇಕು", "ಕೇವಢ್ಯಾಲಾ", "ಎಂತಕಿಸ್ತಾರು" ಎಂಬ ನಾಲ್ಕೂ ಒಂದೇ ಬೆಳಗಿನಲ್ಲಿ ಕೇಳಿಬರುತ್ತವೆ. ಮಹಾರಾಷ್ಟ್ರ, ತೆಲಂಗಾಣ ಎರಡನ್ನೂ ಮುಟ್ಟಿಕೊಂಡಿರುವ ಔರಾದ್ ಸೀಮೆಯಲ್ಲಂತೂ ಒಬ್ಬನೇ ಮನುಷ್ಯನ ಬಾಯಿಂದ. ಬೇರೆ ಊರುಗಳಲ್ಲಿ ಗಂಡ ಹೆಂಡತಿ ಗಿರಾಕಿಗೆ ತಿಳಿಯದ ಭಾಷೆಯಲ್ಲಿ "ಇನ್ನೂರಕ್ಕ ಕೊಟ್ಟುಬಿಡು" ಎಂದು ಮಾತಾಡಿಕೊಳ್ಳಬಹುದು. ಬೀದರಿನಲ್ಲಿ ಎಲ್ಲರಿಗೂ ಎಲ್ಲ ತಿಳಿಯುತ್ತದೆ, ಗುಟ್ಟಿಗೆಂದು ಉಳಿದ ಭಾಷೆ ಒಂದೂ ಇಲ್ಲ. ಆದ್ದರಿಂದ ದನದ ಜಾತ್ರೆಯ ದಲ್ಲಾಳಿಗಳಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಾಡುವುದನ್ನು ದಂಪತಿಗಳು ಮೊದಲೇ ಅಭ್ಯಾಸ ಮಾಡಿರಬೇಕು.

ಮೂಲ್ಯ ವಿಚಾರ

ಹಳೆ ವಸ್ತುವಿಗೆ ಬೆಲೆ ಕಟ್ಟುವಾಗ ಮನುಷ್ಯ ಅದರ ಮೇಲೆ ಸುರಿದದ್ದನ್ನೆಲ್ಲ ಕೂಡಿಸುತ್ತಾನೆ. ಈ ದೋಷಕ್ಕೆ ಬೀದರಿನಲ್ಲಿ ಲಿಖಿತ ಪುರಾವೆ ಇದೆ. 15ನೇ ಶತಮಾನದಲ್ಲಿ ರಷ್ಯಾದ ತ್ವೇರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಹೇರಿಕೊಂಡು ಬಂದ. ಜುನ್ನರಿನ ಖಾನ ಅದನ್ನು ಕಸಿದುಕೊಂಡು ಮರಳಿ ಕೊಟ್ಟ. ಕೊನೆಗೆ ಅದು ಮಾರಾಟವಾದದ್ದು ಬಹಮನಿಗಳ ರಾಜಧಾನಿ ಬೀದರಿನಲ್ಲಿ. ಆ ಕುದುರೆಯನ್ನು ಒಂದು ವರ್ಷ ಸಾಕಿದೆ, ಅದಕ್ಕೆ 68 ಫುತುನ್ ಖರ್ಚಾಯಿತು ಎಂದು ಅವನು ತನ್ನ ಪ್ರವಾಸ ಕಥನದಲ್ಲಿ ಮರೆಯದೆ ಬರೆದಿಟ್ಟ. ಕೊಂಡವನಿಗೆ ಆ ಮೇವಿನ ಲೆಕ್ಕದಿಂದ ಏನಾಗಬೇಕು? ಆದರೆ ಇವತ್ತಿಗೂ ಬೀದರಿನಲ್ಲಿ ಹಳೆ ಸ್ಕೂಟರ್ ಮಾರುವವನು "ಹೋದ ವರ್ಷನೇ ಎರಡು ಟಾಯರ್ ಹಾಕ್ಸೀನಿ" ಅಂದೇ ಮಾತು ಶುರುಮಾಡುತ್ತಾನೆ. ಅವನೂ ನಿಕಿತಿನ್ ಶಾಖೆಯವನೇ. ಸರಿಯಾದ ದರ ಯಾವುದೆಂದರೆ ನೀವೇ ರಸ್ತೆಯಲ್ಲಿ ಹೋಗುವಾಗ ಬೇರೆಯವರ ಅಂಗಳದಲ್ಲಿ ಇದನ್ನು ಕಂಡಿದ್ದರೆ ಎಷ್ಟಕ್ಕೆ ಬೈಕು ನಿಲ್ಲಿಸುತ್ತಿದ್ದಿರೋ ಅಷ್ಟು. ಅದರ ಮೇಲೆ ಕಾಲುಪಾಲು ಏರಿಸಿ ಹೇಳಬೇಕು, ಇಳಿಸಿಕೊಂಡ ಸಮಾಧಾನವನ್ನು ಗಿರಾಕಿಗೆ ಮಾರಬೇಕಲ್ಲ. ಉದ್ರಿ ಕೂಡದು. ನಿಕಿತಿನ್ ಬಂದುಹೋದ ಅದೇ ಊರಿನಲ್ಲಿ 1472ರ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ತಾನು ಮಾತ್ರ ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದು ಇತಿಹಾಸಕಾರರು ಬರೆಯುತ್ತಾರೆ. ಈ ಗ್ರಂಥದ ಅಗತ್ಯವಿಲ್ಲದಿದ್ದ ಮನೆ ಊರಲ್ಲಿ ಅದೊಂದೇ ಇರಬೇಕು.

ಅನುಶಯ

ಕೊಂಡವನು ವಾಪಸು ತಂದರೆ? ಕೊಂಡ ವಸ್ತುವನ್ನು ಪರೀಕ್ಷಿಸಲು ಯಾಜ್ಞವಲ್ಕ್ಯ ಅವಧಿ ಹಾಕಿಕೊಟ್ಟಿದ್ದಾನೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಭಾರ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಹಾಲು ಕೊಡುವುದಕ್ಕೆ ಮೂರು. ರವಿವಾರ ಮಾರಿದ ಮಿಕ್ಸರನ್ನು ಗುರುವಾರ ಒಬ್ಬ ಹೊತ್ತು ತಂದು, "ಚಟ್ನಿ ಆಗ್ಲತ್ತಿಲ್ರಿ" ಎಂದು ನಿಂತ ಎಂದಿಟ್ಟುಕೊಳ್ಳಿ. ಮೈ ಲೋಹದ್ದು, ಆದ್ದರಿಂದ ಒಂದೇ ದಿನ, ಅವಧಿ ಮುಗಿಯಿತು ಎನ್ನುತ್ತಾನೆ ಮಾರಿದ ಮಾವ. ಮನೆಯ ಭಾರ ಹೊರುವುದರಿಂದ ವಾಹ್ಯ, ಇನ್ನೂ ಒಂದು ದಿನ ಬಾಕಿ ಇದೆ ಎನ್ನುತ್ತಾನೆ ಕೊಂಡವನು. ಒಳಗಿನಿಂದ ಸೊಸೆ, ಆ ಮಿಕ್ಸರಿನಲ್ಲಿ ಚಟ್ನಿ ಎಂದೂ ಆಗಿಲ್ಲ, ಅದಕ್ಕೇ ಮಾರಿದ್ದು ಎಂದು ಸತ್ಯ ನುಡಿದು ಎರಡೂ ಪಕ್ಷಗಳನ್ನು ಕೆಡಿಸುತ್ತಾಳೆ. ನಮ್ಮ ನಿರ್ಣಯ: ಜಾರು ಎರಡನ್ನೂ ವಾಪಸು ತೆಗೆದುಕೊಂಡು ಅರ್ಧ ದುಡ್ಡು ಕೊಡುವುದು, ಮೋಟಾರು ಅವನಿಗೇ ಬಿಡುವುದು. ತುಲಾದೃಷ್ಟಿಯ ಅಂಗಡಿ ಎಲ್ಲಿದೆ ಎಂದು ದಾರಿ ಹೇಳಿ ಕಳಿಸುವುದು.